ಆಲೆಮನೆ ಫೋಟೋ ಕೆಳಗಿದ್ದ ಸಣ್ಣ ವೃತ್ತ

ಆಯುಧ ಪೂಜೆಯ ಹಿಂದಿನ ದಿನ. ಮೈಸೂರಿನ ಸರಸ್ವತಿಪುರಂನಲ್ಲಿ ವೆಬ್‌ಸೈಟ್ ಮಾಡಿಕೊಡುವ ನಮ್ಮ ಆಫೀಸಿನಲ್ಲಿ ಸಿಸ್ಟಂಗಳನ್ನೆಲ್ಲ ಒರೆಸಿ, ಬೂದುಗುಂಬಳ ತಂದಿಟ್ಟು, ಬೇಗ ಹೊರಡೋಣ ಅಂತಿದ್ದೆವು. ನಾಲ್ಕು ಗಂಟೆಗೆ ಸಪೋರ್ಟ್ ಮೇಲ್‌ಗೆ ಒಂದು ಪತ್ರ ಬಂತು. ಮೂರೇ ಸಾಲು. ನೀವು ಮಾಡಿಕೊಟ್ಟ ಬೆಲ್ಲದ ಸೈಟಿನ ಮೊದಲ ಪುಟದಲ್ಲಿರುವುದು ನಾನು ತೆಗೆದ ಫೋಟೋ. ಮಾರಾಟಕ್ಕೆ ಬಳಸಲು ನಾನು ಒಪ್ಪಿಗೆ ಕೊಟ್ಟಿಲ್ಲ. ನನ್ನ ಹೆಸರನ್ನೂ ಹಾಕಿಲ್ಲ.

ಆ ಫೋಟೋ ಹಾಕಿದ್ದು ನಾನೇ.

ಸೈಟು ಮಂಡ್ಯ ಕಡೆಯ ಆಲೆಮನೆ ಮಾಲೀಕರೊಬ್ಬರದ್ದು, ನಾವು ಗೌಡ್ರು ಅನ್ನುತ್ತೇವೆ. ಕೊಟೇಶನ್‌ನಲ್ಲಿ ಫೋಟೋಗೆ ಅಂತ ದುಡ್ಡಿರಲಿಲ್ಲ. 'ಫ್ರೀ ಸಿಗುತ್ತಲ್ಲಮ್ಮ, ನೋಡಿ ಹಾಕಿಬಿಡು' ಅಂದಿದ್ದರು ಸರ್. ಪ್ರತಿ ಪ್ರಾಜೆಕ್ಟಿಗೂ ಇದೇ ಮಾತು.

ನಾನು ಎಡವಿದ್ದು ಎಲ್ಲಿ ಅಂತ ಸರಿಯಾಗಿ ಹೇಳಬೇಕು. ಯಾಕೆಂದರೆ ನನ್ನ ಹಾಗೆ ಇನ್ನೂ ಎಷ್ಟೋ ಜನ ಎಡವುತ್ತಿರಬಹುದು. ನಾವು ಸೈಟು ಕಟ್ಟುವುದು ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಅದರ 6.2 ಆವೃತ್ತಿ ಬಂದಾಗ, ಅಂದರೆ 2023ರಲ್ಲಿ, ಪುಟ ಬರೆಯುವ ಎಡಿಟರ್ ಒಳಗೇ ಓಪನ್‌ವರ್ಸ್ ಫೋಟೋಗಳು ಸಿಗಲು ಶುರುವಾದವು. ಓಪನ್‌ವರ್ಸ್ ಅಂದರೆ ಬೇರೆಯವರೂ ಬಳಸಲಿ ಅಂತ ಬಿಟ್ಟ ಫೋಟೋಗಳನ್ನು ಹುಡುಕಿಕೊಡುವ ಸೈಟು. ಎಡಿಟರ್ ಒಳಗೆ ತೋರಿಸುವುದು ಸಿಸಿ (ಕ್ರಿಯೇಟಿವ್ ಕಾಮನ್ಸ್) ಝೀರೋ, ಅಂದರೆ ತೆಗೆದವರೇ ಹಕ್ಕು ಬಿಟ್ಟುಕೊಟ್ಟ ಫೋಟೋ, ಮತ್ತು ಪಬ್ಲಿಕ್ ಡೊಮೇನ್, ಅಂದರೆ ಯಾರ ಹಕ್ಕೂ ಇಲ್ಲದ ಫೋಟೋ ಮಾತ್ರ. ಹೆಸರು ಹಾಕಲೇಬೇಕು ಅಂತಿಲ್ಲ, ಮಾರಾಟಕ್ಕೂ ಬಳಸಬಹುದು. ಅಲ್ಲಿಂದಲೇ ತೆಗೆದು ತೆಗೆದು 'ಓಪನ್‌ವರ್ಸ್ ಅಂದರೆ ತೊಂದರೆ ಇಲ್ಲ' ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬೆಲ್ಲಕ್ಕೆ ಹುಡುಕಿದಾಗ ಅಲ್ಲಿ ಒಳ್ಳೇದು ಯಾವುದೂ ಸಿಗಲಿಲ್ಲ. ನೇರ ಓಪನ್‌ವರ್ಸ್ ಸೈಟಿಗೇ ಹೋದೆ. ಅಲ್ಲಿ ಎಲ್ಲ ಥರದ ಲೈಸೆನ್ಸ್ ಫೋಟೋಗಳೂ ಬರುತ್ತವೆ. ಮಾರಾಟಕ್ಕೆ ಬಳಸಬಹುದಾದವು ಮಾತ್ರ ಬೇಕು ಅಂದರೆ ಪಕ್ಕದ ಫಿಲ್ಟರ್‌ನಲ್ಲಿ ನಾವೇ ಟಿಕ್ ಮಾಡಬೇಕು. ನಾನು ಮಾಡಲಿಲ್ಲ.

ಫೋಟೋ ಚೆನ್ನಾಗಿತ್ತು. ಕೊಪ್ಪರಿಗೆ ಮೇಲೆ ದಟ್ಟ ಹಬೆ, ಹಬೆಯ ಹಿಂದೆ ಪಾಕ ತಿರುವುತ್ತಿರುವ ಒಬ್ಬರ ಕೈ ಮಾತ್ರ ಕಾಣುತ್ತಿತ್ತು. ಕೆಳಗೆ ಸಣ್ಣ ಸಣ್ಣ ವೃತ್ತಗಳಿದ್ದವು. ಅದರಲ್ಲೊಂದು ಡಾಲರ್ ಗುರುತಿನ ಮೇಲೆ ಅಡ್ಡಗೆರೆ ಎಳೆದಿದ್ದು. ಎನ್‌ಸಿ, ಅಂದರೆ ವ್ಯಾಪಾರಕ್ಕೆ ಬಳಸಬೇಡಿ ಅಂತ. ಕಣ್ಣಿಗೆ ಬಿದ್ದಿತ್ತು, ಓದಲಿಲ್ಲ.

ಪತ್ರ ನೋಡಿದ ಕೂಡಲೇ ಪುಟದಿಂದ ಫೋಟೋ ತೆಗೆದೆ. 'ಕ್ಷಮಿಸಿ, ತೆಗೆದಿದ್ದೇನೆ' ಅಂತ ಉತ್ತರ ಬರೆದೆ. ಹತ್ತು ನಿಮಿಷಕ್ಕೆ ಮತ್ತೊಂದು ಪತ್ರ. ಅದರಲ್ಲಿ ಬರೀ ಒಂದು ಲಿಂಕ್. ಒತ್ತಿದರೆ ಅದೇ ಹಬೆ, ಅದೇ ಕೈ. ಪುಟದಿಂದ ತೆಗೆದರೂ ಫೈಲ್ ಮೀಡಿಯಾ ಲೈಬ್ರರಿಯಲ್ಲೇ ಇತ್ತು. ಅಪ್‌ಲೋಡ್ ಮಾಡಿದಾಗ ವರ್ಡ್‌ಪ್ರೆಸ್ ಮಾಡಿಕೊಂಡ ಬೇರೆ ಬೇರೆ ಸೈಜಿನ ಪ್ರತಿಗಳೂ ಇದ್ದವು. ಲೈಬ್ರರಿಯಿಂದಲೇ ಶಾಶ್ವತವಾಗಿ ಡಿಲೀಟ್ ಮಾಡಿದೆ. ರಿಫ್ರೆಶ್ ಮಾಡಿದೆ. ಇನ್ನೂ ಬರುತ್ತಿದೆ! ಸಿಡಿಎನ್ ಕ್ಯಾಶೆ, ಅಂದರೆ ಸೈಟು ಬೇಗ ತೆರೆಯಲಿ ಅಂತ ಬೇರೆ ಸರ್ವರ್‌ಗಳಲ್ಲಿ ಇಟ್ಟುಕೊಂಡಿದ್ದ ಪ್ರತಿ. ಅದರ ಪಾಸ್‌ವರ್ಡ್ ಇದ್ದದ್ದು ಒಬ್ಬ ಸಹೋದ್ಯೋಗಿಯ ಹತ್ತಿರ. ಅವರು ಮಧ್ಯಾಹ್ನವೇ ನಂಜನಗೂಡಿನ ಬಸ್ ಹತ್ತಿದ್ದರು. ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಆ ಕಡೆ ಫೋಟೋ ತೆಗೆದವರಿಗೆ ನಾನು ಸುಳ್ಳು ಹೇಳಿದೆ ಅನ್ನಿಸುತ್ತಿರುತ್ತದೆ. ಕೈ ತಣ್ಣಗಾಗಿತ್ತು. ಐದನೇ ಸಲ ಮಾಡಿದಾಗ ಎತ್ತಿದರು. ಕ್ಯಾಶೆ ಪೂರ್ತಿ ಅಳಿಸಿದಾಗ ಐದೂವರೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಆ ಫೋಟೋಗಿದ್ದದ್ದು ಸಿಸಿ ಲೈಸೆನ್ಸಿನ 2.0 ಆವೃತ್ತಿ. ಸಿಸಿ ಲೈಸೆನ್ಸಿನ 4.0 ಆವೃತ್ತಿ 2013ರಲ್ಲಿ ಬಂತು. ಷರತ್ತು ಮುರಿದದ್ದು ಗೊತ್ತಾದ 30 ದಿನದೊಳಗೆ ಸರಿ ಮಾಡಿದರೆ ಬಳಸುವ ಹಕ್ಕು ತಾನಾಗಿ ವಾಪಸ್ ಬರುತ್ತದೆ ಅಂತ ಅದರಲ್ಲಿದೆ. ಹಳೆಯ 2.0ದಲ್ಲಿ ಆ ಅವಕಾಶ ಇಲ್ಲ. ಫೋಟೋ ತೆಗೆದವರು ದುಡ್ಡು ಕೇಳಬಹುದಿತ್ತು. ಕೇಳಲಿಲ್ಲ. 'ಸರಿ, ಈಗ ಇಲ್ಲ' ಅಂತಷ್ಟೇ ಬರೆದರು. ಅದು ಅವರ ದೊಡ್ಡತನ.

ಗೌಡ್ರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. 'ಅದು ನಮ್ಮ ಬೆಲ್ಲನೇ ಅಲ್ವಲ್ಲವ್ವಾ. ಪಕ್ಕದಲ್ಲಿ ಬಕೆಟ್ ಬೆಲ್ಲ ಇಟ್ಟವ್ರೆ. ನಾವು ಮಾಡೋದು ಅಚ್ಚು. ಮೊದ್ಲೇ ಹೇಳಾನಾ ಅಂತಿದ್ದೆ, ನಿಮಗೆ ಗೊತ್ತಿರ್ತದೆ ಅಂತ ಸುಮ್ನಾದೆ' ಅಂದರು. ಲೈಸೆನ್ಸ್ ವಿಷಯಕ್ಕಿಂತ ಈ ಮಾತೇ ನನಗೆ ಜಾಸ್ತಿ ನಾಟಿತು. ಅವರ ಬೆಲ್ಲ ಕೊಳ್ಳುವವರಿಗೆ ಬೇರೆ ಯಾರದೋ ಬೆಲ್ಲ ತೋರಿಸಿದ್ದೆ.

ಹಬ್ಬ ಮುಗಿದ ಮೇಲೆ ಬೆಳಿಗ್ಗೆ ಮಂಡ್ಯಕ್ಕೆ ಹೋಗಿ ಅವರ ಆಲೆಮನೆಯಲ್ಲೇ ಫೋನಿನಲ್ಲಿ ಫೋಟೋ ತೆಗೆದೆ. ಹಬೆ ಲೆನ್ಸಿಗೆ ಕೂತು ಎಷ್ಟೋ ಫೋಟೋ ಹಾಳಾದವು. ಉಳಿದವುಗಳಲ್ಲಿ ಅಚ್ಚಿನಿಂದ ಆಗತಾನೇ ಬಿಡಿಸಿದ ಬೆಲ್ಲದ ಫೋಟೋ ಈಗ ಮೊದಲ ಪುಟದಲ್ಲಿದೆ.

ಹೊರಗಿನ ಫೋಟೋ ಈಗಲೂ ಬಳಸುತ್ತೇನೆ, ಬಳಸದೆ ನಡೆಯುವುದಿಲ್ಲ. ಆದರೆ ಹುಡುಕುವ ಪುಟ ನಂಬುವುದಿಲ್ಲ. ಫೋಟೋ ಮೂಲತಃ ಇರುವ ಪುಟಕ್ಕೇ ಹೋಗುತ್ತೇನೆ. ತೆಗೆದವರ ಹೆಸರು, ಲಿಂಕ್, ಲೈಸೆನ್ಸ್, ಅದರ ಆವೃತ್ತಿ, ತಾರೀಖು ಎಲ್ಲ ಶೀಟಿನಲ್ಲಿ ಬರೆದು ಸ್ಕ್ರೀನ್‌ಶಾಟ್ ಇಡುತ್ತೇನೆ. ನಾಳೆ ಅವರು ಲೈಸೆನ್ಸ್ ಬದಲಾಯಿಸಿದರೂ ನಾವು ತೆಗೆದುಕೊಂಡ ದಿನ ಏನಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಸಿಡಿಎನ್ ಪಾಸ್‌ವರ್ಡ್ ಈಗ ಮೂವರ ಹತ್ತಿರ ಇದೆ.

ಕೊಟೇಶನ್‌ನಲ್ಲಿ ಫೋಟೋಗೆ ಅಂತ ಒಂದು ಸಾಲು ಸೇರಿಸಿ ಅಂತ ಸರ್‌ಗೆ ಎರಡು ಸಲ ಹೇಳಿದ್ದೇನೆ. ಇನ್ನೂ ಸೇರಿಸಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ ಮತ್ತೆ ಕೇಳುತ್ತೇನೆ.