ಚಾಂಫಾಯ್‌ನಲ್ಲಿ ಕ್ರಿಸ್ಮಸ್: ಹೋಗುವವರು ಮೊದಲೇ ತಿಳಿದುಕೊಂಡಿರಲಿ ಅಂತ

ಕ್ರಿಸ್ಮಸ್‌ಗೆ ಮಿಜೋರಾಂ ಕಡೆ ಹೋಗಬೇಕು ಅಂತಿದ್ದೀರಾ? ಹಾಗಾದರೆ ಮೊದಲು ಕ್ಯಾಲೆಂಡರ್ ತೆಗೆದು ಭಾನುವಾರ ಯಾವತ್ತು ಬರುತ್ತದೆ ನೋಡಿ. ವಿಮಾನದ ಟಿಕೆಟ್ ಆಮೇಲೆ.

ನಾವು ನೋಡಲಿಲ್ಲ. 2025ರ ಡಿಸೆಂಬರ್ 20, ಶನಿವಾರ, ಕೋಲ್ಕತ್ತಾ ಮೇಲೆ ಲೆಂಗ್‌ಪುಯ್ ವಿಮಾನ ನಿಲ್ದಾಣಕ್ಕೆ ಇಳಿದೆವು. ಅಲ್ಲಿಂದ ರಾಜಧಾನಿ ಐಜ್ವಾಲ್‌ಗೆ 32 ಕಿ.ಮೀ., ಬೆಟ್ಟದ ದಾರಿ. ರೂಮ್ ಸೇರಿ ಮಲಗಿದೆವು. ಬೆಳಿಗ್ಗೆ ಎದ್ದರೆ ಇಡೀ ಪಟ್ಟಣ ಬಾಗಿಲು ಹಾಕಿಕೊಂಡಿದೆ. ಭಾನುವಾರ ಅಲ್ಲಿ ಅಂಗಡಿ ಇಲ್ಲ, ಹೋಟೆಲ್ ಇಲ್ಲ, ಸುಮೋ ಇಲ್ಲ. ಎಲ್ಲರೂ ಚರ್ಚ್‌ನಲ್ಲಿ. ಬ್ಯಾಗ್‌ನಲ್ಲಿದ್ದ ಚಕ್ಕುಲಿ, ಕೋಡುಬಳೆ ಆ ದಿನ ನಮ್ಮನ್ನು ಕಾಪಾಡಿದವು. ಶನಿವಾರವೇ ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ.

ಇನ್ನೊಂದು ಮುಖ್ಯವಾದ ವಿಷಯ, ಇನ್ನರ್ ಲೈನ್ ಪರ್ಮಿಟ್. ಹೊರಗಿನ ರಾಜ್ಯದವರು ಇದಿಲ್ಲದೆ ಮಿಜೋರಾಂ ಒಳಗೆ ಹೋಗುವ ಹಾಗಿಲ್ಲ. ಲೆಂಗ್‌ಪುಯ್‌ನಲ್ಲಿ ಇಳಿದ ಮೇಲೂ ಮಾಡಿಸಬಹುದು. ಆದರೆ ಡಿಸೆಂಬರ್‌ನಲ್ಲಿ ಸಾಲು ಉದ್ದ, ಆನ್‌ಲೈನ್‌ನಲ್ಲೇ ಮುಗಿಸಿಕೊಂಡು ಹೋಗಿ. ಒಂದೆರಡು ಪ್ರಿಂಟ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಗುರುತಿನ ಚೀಟಿ ಕೈಯಲ್ಲಿರಲಿ. ರೈಲಿನಲ್ಲಿ ಬರುವವರಿಗೆ ಈಗ ಐಜ್ವಾಲ್ ಪಕ್ಕದ ಸಾಯ್ರಾಂಗ್‌ವರೆಗೂ ಹಳಿ ಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಮಾರ್ಗ ಅದು. ಅಸ್ಸಾಂ ಗಡಿ ಹತ್ತಿರದ ಬೈರಾಬಿಯಿಂದ ಸಾಯ್ರಾಂಗ್‌ಗೆ ಬರೀ 51 ಕಿ.ಮೀ., ಅಷ್ಟರಲ್ಲೇ 48 ಸುರಂಗ. ಗುವಾಹಟಿ ಕಡೆಯಿಂದ ಬರುವವರು ಇದನ್ನು ನೋಡಬಹುದು.

ನಾವು ಹೋಗಿದ್ದು ಐಜ್ವಾಲ್ ನೋಡಲಿಕ್ಕಲ್ಲ, ಚಾಂಫಾಯ್‌ಗೆ. ನಮ್ಮ ಯಜಮಾನರ ಆಫೀಸಿನಲ್ಲಿ ಆ ಊರಿನ ಹುಡುಗ ಒಬ್ಬನಿದ್ದಾನೆ. ಬೆಂಗಳೂರಿಗೆ ಓದಲಿಕ್ಕೆ ಬಂದು ಇಲ್ಲೇ ಕೆಲಸಕ್ಕೆ ನಿಂತ ಎಷ್ಟೋ ಮಿಜೋ ಮಕ್ಕಳಲ್ಲಿ ಅವನೂ ಒಬ್ಬ. ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಏನೇ ಆಗಲಿ ರಜೆ ಹಾಕಿ ಹೊರಡುತ್ತಿದ್ದ. "ಅಂಥದ್ದೇನಿದೆ ನಿಮ್ಮೂರಲ್ಲಿ?" ಅಂತ ನಾನು ಕೇಳಿದ್ದಕ್ಕೆ, "ಆಂಟಿ, ಕೆಲಸ ಇದೆ" ಅಂದ. ಹಬ್ಬ ಇದೆ ಅನ್ನಲಿಲ್ಲ. ಆ ಮಾತು ಅರ್ಥವಾಗಿದ್ದು ಅಲ್ಲಿಗೆ ಹೋದ ಮೇಲೆ.

ಐಜ್ವಾಲ್‌ನಿಂದ ಚಾಂಫಾಯ್‌ಗೆ ಸುಮಾರು 190 ಕಿ.ಮೀ. ಕಿಲೋಮೀಟರ್ ನೋಡಿ ಬೆಂಗಳೂರು–ಹಾಸನದಷ್ಟೇ ಅಲ್ವಾ ಅಂದುಕೊಳ್ಳಬೇಡಿ. ಶೇರ್ ಸುಮೋದಲ್ಲಿ ಇಡೀ ಹಗಲು ಹಿಡಿಯುತ್ತದೆ. ಕ್ರಿಸ್ಮಸ್ ವಾರದಲ್ಲಿ ಊರಿಗೆ ಹೋಗುವವರೇ ಜಾಸ್ತಿ, ಹಾಗಾಗಿ ಸೀಟು ಸಿಗುವುದು ಕಷ್ಟ. ನಮಗೆ ಸಿಕ್ಕಿದ್ದು ಕಡೇ ಸಾಲು. ತಿರುವಿಗೊಂದು ಸಲ ಹೊಟ್ಟೆ ತೊಳಸಿ ಸಾಕಾಗಿಹೋಯಿತು. ವಾರ ಮೊದಲೇ ಯಾರಿಂದಾದರೂ ಫೋನ್ ಮಾಡಿಸಿ ಮಧ್ಯದ ಸಾಲು ಹಿಡಿಸಿ. ವಾಂತಿ ಮಾತ್ರೆ ಮರೆಯಬೇಡಿ. ದಾರಿಯಲ್ಲಿ ಸೆಲಿಂಗ್ ಹತ್ತಿರ ಮಾರುವವರೇ ಇಲ್ಲದ ಅಂಗಡಿಗಳು ಕಾಣುತ್ತವೆ. ಬಿದಿರಿನ ಗೂಡು, ಅದರಲ್ಲಿ ತರಕಾರಿ, ಹಣ್ಣು, ಬೆಲೆ ಬರೆದ ಚೀಟಿ, ದುಡ್ಡು ಹಾಕಲು ಒಂದು ಡಬ್ಬಿ. ಮಾಲೀಕರು ಹೊಲದಲ್ಲಿರುತ್ತಾರೆ. ಬೇಕಾದ್ದು ತೆಗೆದುಕೊಂಡು ದುಡ್ಡು ಹಾಕಿ ಹೋಗುವುದಷ್ಟೇ. ನಾವು ಕಿತ್ತಳೆ ಕೊಂಡೆವು. ಚಿಲ್ಲರೆ ಇಟ್ಟುಕೊಂಡಿರಿ.

ಚಾಂಫಾಯ್ ಸುಮಾರು 1,670 ಮೀಟರ್ ಎತ್ತರದಲ್ಲಿದೆ, ಮ್ಯಾನ್ಮಾರ್ ಗಡಿ ಪಕ್ಕದಲ್ಲೇ. ಕೆಳಗೆ ದೊಡ್ಡ ಗದ್ದೆ ಬಯಲು, ಮೇಲೆ ಗುಡ್ಡದ ತುಂಬ ಮನೆಗಳು. ನಾವು ಹೋದಾಗ ಗದ್ದೆ ಕೊಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ ಚಳಿ ಶುರು. ಸ್ವೆಟರ್, ಟೋಪಿ, ಕಾಲುಚೀಲ, ಒಂದು ಟಾರ್ಚು ಬೇಕೇ ಬೇಕು.

ಕತ್ತಲಾದ ಮೇಲೆ ಊರು ನೋಡಬೇಕು. ಬೀದಿ ಬೀದಿಗೂ ದೀಪದ ಸರ, ಮನೆ ಮೇಲೆ ನಕ್ಷತ್ರ, ಕೇರಿಯ ಬಾಯಲ್ಲಿ ಬಿದಿರಿನ ಕಮಾನು. ಮಿಜೋ ಭಾಷೆಯಲ್ಲಿ ಕೇರಿಗೆ ವೆಂಗ್ ಅಂತಾರೆ. ಇದಕ್ಕೆಲ್ಲ ಕಂಟ್ರಾಕ್ಟ್ ಯಾರಿಗೆ ಕೊಟ್ಟಿದ್ದಾರೆ ಅಂತ ನಮ್ಮ ಯಜಮಾನರು ಕೇಳಿದರು. ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪಕ್ಕದಲ್ಲಿ ಏಣಿ ಹತ್ತಿ ನಿಂತವನು ಶಾಲೆಯ ಮೇಷ್ಟ್ರು, ಏಣಿ ಹಿಡಿದವನು ಸುಮೋ ಡ್ರೈವರ್, ವೈರ್ ಸುತ್ತಿಕೊಡುತ್ತಿದ್ದವಳು ಕಾಲೇಜು ಹುಡುಗಿ. ಯಾರಿಗೂ ಕೂಲಿ ಇಲ್ಲ.

ಇದರ ಹಿಂದೆ ಎರಡು ಸಂಘಟನೆಗಳಿವೆ. ಒಂದು ಚರ್ಚು, ಇನ್ನೊಂದು ಯಂಗ್ ಮಿಜೋ ಅಸೋಸಿಯೇಷನ್. ಎಲ್ಲರ ಬಾಯಲ್ಲೂ ವೈಎಂಎ. 1935ರ ಜೂನ್ 15ರಂದು ಶುರುವಾದ ಸಂಘ ಇದು, ಊರೂರಿಗೂ ಶಾಖೆ ಇದೆ. ಯಾರಾದರೂ ತೀರಿಕೊಂಡರೆ ಗುಂಡಿ ತೋಡುವುದು, ಕಾಡಿನಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವುದು, ರಸ್ತೆ ಗುಡಿಸುವುದು ಎಲ್ಲಕ್ಕೂ ಇವರೇ. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಗಡಿ ದಾಟಿ ಓಡಿಬಂದ ಅಲ್ಲಿನ ಚಿನ್ ಬುಡಕಟ್ಟಿನ ಜನರಿಗೆ ಈ ಭಾಗದಲ್ಲಿ ಅಕ್ಕಿ, ಹೊದಿಕೆ ಒಟ್ಟುಮಾಡಿ ಕೊಟ್ಟವರಲ್ಲೂ ಇವರಿದ್ದರು.

ಊರವರೆಲ್ಲ ಸೇರಿ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಹ್ನಾತ್ಲಾಂಗ್ ಅಂತ ಹೆಸರು. ನಮ್ಮ ಕಡೆ ಮುಯ್ಯಾಳು ಇದೆಯಲ್ಲ, ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ ಅಂತ. ಇಲ್ಲಿ ಆ ಲೆಕ್ಕವೂ ಇಲ್ಲ. ಇನ್ನೊಬ್ಬರಿಗಾಗಿ ತಾನು ಮುಂದೆ ನಿಲ್ಲಬೇಕು, ಅದನ್ನು ಹೇಳಿಕೊಳ್ಳಬಾರದು. ಈ ಗುಣಕ್ಕೆ ಅವರು ತ್ಲೋಮ್‌ಙಾಯ್ನಾ ಅನ್ನುತ್ತಾರೆ. ಈ ಪದ ಚಾಂಫಾಯ್‌ನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಯಾವತ್ತು, ಎಷ್ಟು ಗಂಟೆಗೆ, ಯಾವ ಕೆಲಸ ಅನ್ನುವುದು ಸಂಜೆ ಕೇರಿಯ ಮೈಕ್‌ನಲ್ಲಿ ಬರುತ್ತದೆ. ಮೈಕ್ ಕೂಗಿದ ತಕ್ಷಣ ಮಾತು ನಿಲ್ಲಿಸಿ ಎಲ್ಲರೂ ಕಿವಿಗೊಡುತ್ತಾರೆ. ಗೊತ್ತಾಗದಿದ್ದರೆ ಮನೆಯವರನ್ನು ಕೇಳಿ.

ಹಬ್ಬ ಶುರುವಾಗುವುದು 24ರ ರಾತ್ರಿ. ಉರ್ಲೋಕ್ ಜಾನ್ ಅಂತಾರೆ ಅದಕ್ಕೆ. ಚರ್ಚ್‌ನಲ್ಲಿ ಹಾಡು, ಮಕ್ಕಳ ಕಾರ್ಯಕ್ರಮ. ಹಾಡುವ ತಂಡದವರ ಕೈಯಲ್ಲಿದ್ದ ಹಾಳೆ ಇಣುಕಿ ನೋಡಿದೆ. ಗೆರೆ ಮೇಲೆ ಕೂರಿಸಿದ ಪಾಶ್ಚಾತ್ಯ ಸ್ವರಲಿಪಿ ಇರಲಿಲ್ಲ, ಬರೀ ಅಕ್ಷರಗಳು: ದೋ, ರೇ, ಮಿ ಅನ್ನುವುದರ ಮೊದಲಕ್ಷರ, ನಡುನಡುವೆ ಚುಕ್ಕಿ. ನಾನು ಚಿಕ್ಕವಳಿದ್ದಾಗ ಸರಳೆ ವರಸೆ ಬರೆದುಕೊಂಡ ನೋಟ್‌ಬುಕ್ ನೆನಪಾಯಿತು. ವೇಲ್ಸ್‌ನಿಂದ ಬಂದ ಮಿಷನರಿಗಳು ಕಲಿಸಿದ ಕ್ರಮ ಇದು. ಅಂಗಡಿಯವರು, ರೈತರು, ಗುಮಾಸ್ತರು ಎಲ್ಲರೂ ಇದನ್ನು ಸರಾಗ ಓದಿ ನಾಲ್ಕು ದನಿಯಲ್ಲಿ ಹಾಡುತ್ತಾರೆ. ತಿಂಗಳುಗಟ್ಟಲೆ ಸಂಜೆ ಹೊತ್ತು ಅಭ್ಯಾಸ ಮಾಡಿರುತ್ತಾರೆ.

25ರ ಬೆಳಿಗ್ಗೆ ಆರಾಧನೆ. ರಾತ್ರಿ ಲೆಂಗ್‌ಖೋಮ್. ಇದನ್ನು ತಪ್ಪಿಸಿಕೊಳ್ಳಬೇಡಿ. ಖುವಾಂಗ್ ಅನ್ನುವ ಡೋಲು ನಿಧಾನವಾಗಿ ಬಡಿಯುತ್ತಾ ಹೋಗುತ್ತದೆ, ಜನ ಎಳೆದು ಎಳೆದು ಹಾಡುತ್ತಾರೆ. ಒಬ್ಬೊಬ್ಬರೇ ಎದ್ದು ಮುಂದೆ ಬಂದು ಸುತ್ತು ಹಾಕುತ್ತಾ ಹೆಜ್ಜೆ ಇಡುತ್ತಾರೆ. ಒಂದು ಹಾಡು ಮುಗಿಯುವಷ್ಟರಲ್ಲಿ ಇನ್ಯಾರೋ ಮುಂದಿನದನ್ನು ಎತ್ತಿಕೊಳ್ಳುತ್ತಾರೆ. ನಮ್ಮೂರಿನ ಅಹೋರಾತ್ರಿ ಭಜನೆ ನೋಡಿದವರಿಗೆ ಅಲ್ಲಿ ಕೂತುಕೊಳ್ಳುವುದು ಹೊಸದು ಅನ್ನಿಸುವುದಿಲ್ಲ. ಭಾಷೆ ಬರದಿದ್ದರೂ ನಾನು ಹನ್ನೊಂದರವರೆಗೆ ಕೂತಿದ್ದೆ. ಫೋನ್ ಎತ್ತಿ ವಿಡಿಯೋ ಮಾಡುತ್ತಾ ನಿಲ್ಲಬೇಡಿ. ಕೇಳಿ, ಒಂದು ಫೋಟೋ ತೆಗೆದು ಕೂತುಬಿಡಿ.

ನಮಗೆ 26ರಂದು ರುವಾಯ್, ಅಂದರೆ ಊರೂಟ. ಚರ್ಚಿಂದ ಚರ್ಚಿಗೆ ದಿನ ಬೇರೆ ಆಗಬಹುದು, ವಿಚಾರಿಸಿಕೊಳ್ಳಿ. ಹಿಂದಿನ ಕಾಲದಲ್ಲಿ ಅನುಕೂಲಸ್ಥ ಒಬ್ಬ ಇಡೀ ಊರಿಗೆ ಊಟ ಹಾಕಿಸಿ ದೊಡ್ಡ ಹೆಸರು ಪಡೆಯುತ್ತಿದ್ದನಂತೆ. ಖುವಾಂಗ್‌ಚೋಯ್ ಅಂತ ಕರೆಯುತ್ತಿದ್ದರು. ಈಗಿನ ಈ ಊಟ ಯಾರೊಬ್ಬರ ಹೆಸರಲ್ಲೂ ಇಲ್ಲ. ಎಲ್ಲರೂ ಕೊಟ್ಟಿದ್ದು, ಎಲ್ಲರೂ ಬೇಯಿಸಿದ್ದು.

ಅವತ್ತು ಬೆಳಿಗ್ಗೆ ಚಳಿಯಲ್ಲೇ ಚರ್ಚ್ ಹಿಂದಿನ ಬಯಲಿಗೆ ಹೋದೆ. ಹೊಗೆ, ಉರಿಯುವ ಸೌದೆ, ಸಾಲಾಗಿ ದೊಡ್ಡ ಹಂಡೆಗಳು. ಗಂಡಸರು ಮರದ ದಿಮ್ಮಿ ಮೇಲೆ ಹಂದಿ ಮಾಂಸ ಕತ್ತರಿಸುತ್ತಿದ್ದರು. ಅನ್ನ ಬಸಿಯುವುದೂ ಅವರೇ. ನಮ್ಮ ಆತಿಥೇಯ ಮನೆಯ ಅಮ್ಮ ಒಂದು ಮಣೆ ತಳ್ಳಿ, ಮುಂದೆ ಬೆಳ್ಳುಳ್ಳಿ ಬೇಸಿನ್ ಇಟ್ಟರು. ಅಲ್ಲಿನ ಬೆಳ್ಳುಳ್ಳಿ ಸಣ್ಣದು, ಸಿಪ್ಪೆ ಬಿಗಿ. ನಾನು ಉಗುರಿನಲ್ಲಿ ಒದ್ದಾಡುವುದನ್ನು ನೋಡಿ ಪಕ್ಕದ ಅಜ್ಜಿ ನನ್ನ ಕೈಯಿಂದ ಎಸಳು ತೆಗೆದುಕೊಂಡರು. ಬುಡ ಚಿವುಟಿ, ಎರಡು ಬೆರಳ ನಡುವೆ ಒಮ್ಮೆ ಹೊಸಕಿ, ಊದಿದರು. ಸಿಪ್ಪೆ ಹಾರಿಹೋಯಿತು. ಮತ್ತೆ ನನಗೇ ಕೊಟ್ಟು, ನಾನು ಮಾಡುವವರೆಗೂ ಕಾದರು. ಎರಡು ಗಂಟೆ ಕೂತಿದ್ದೆ. ನನಗೆ ಗೊತ್ತಿದ್ದ ಮಿಜೋ ಮಾತು ಎರಡೇ: "ಕ್ರಿಸ್ಮಸ್ ಚಿಬಾಯ್" ಅಂದರೆ ಹಬ್ಬದ ನಮಸ್ಕಾರ, "ಕಾ ಲೋಮ್ ಎ" ಅಂದರೆ ಥ್ಯಾಂಕ್ಸ್. ಅಷ್ಟರಲ್ಲೇ ಎಲ್ಲ ನಡೆಯಿತು. ದೊಡ್ಡ ಹೆಂಗಸರನ್ನು "ಕಾ ಪಿ", ಗಂಡಸರನ್ನು "ಕಾ ಪು" ಅನ್ನಿ, ಮುಖ ಅರಳುತ್ತದೆ.

ಹಾಗಾಗಿ ನನ್ನ ದೊಡ್ಡ ಸಲಹೆ ಇದೇ: 22ಕ್ಕೆ, ತಪ್ಪಿದರೆ 23ಕ್ಕೆ ಊರು ಸೇರಿ. 25ಕ್ಕೆ ಸುಮ್ನೆ ಬಂದು ನೋಡಿ ಹೋಗುವವರಿಗೆ ಅಲ್ಲಿ ಶೋ ಏನೂ ಇಲ್ಲ. ಟಿಕೆಟ್ ಇಲ್ಲ, ಸ್ಟೇಜ್ ಇಲ್ಲ, ತಿಂಡಿ ಸ್ಟಾಲ್ ಇಲ್ಲ. ಎರಡು ದಿನ ಮೊದಲು ಹೋಗಿ, "ನನಗೂ ಏನಾದರೂ ಕೆಲಸ ಕೊಡಿ" ಅಂತ ಕೇಳಿ. ಖಂಡಿತ ಕೊಡುತ್ತಾರೆ. ಪರಿಚಯದವರು ಯಾರೂ ಇಲ್ಲದಿದ್ದರೆ ಬೆಂಗಳೂರಿನಲ್ಲೇ ಮಿಜೋ ಸಹೋದ್ಯೋಗಿ, ಸಹಪಾಠಿಗಳನ್ನು ಮಾತಾಡಿಸಿ ಹೊರಡಿ. ಊಟಕ್ಕೆ ದುಡ್ಡು ಕೊಡಲು ಹೋಗಬೇಡಿ, ಬೇಜಾರಾಗುತ್ತಾರೆ. ನಾವು ಚರ್ಚ್‌ನ ಕಾಣಿಕೆ ಚೀಲಕ್ಕೆ ಹಾಕಿದೆವು, ಮನೆಗೆ ಕೊಡಗಿನ ಕಾಫಿ ಪುಡಿ ಮತ್ತು ಮೈಸೂರು ಪಾಕ್ ಒಯ್ದಿದ್ದೆವು. ಮೈಸೂರು ಪಾಕ್ ಅಡುಗೆ ಬಯಲಿಗೇ ಬಂತು, ಹತ್ತು ನಿಮಿಷಕ್ಕೆ ಖಾಲಿ.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ನಮ್ಮ ಯಜಮಾನರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸೊಪ್ಪು ತರಕಾರಿ ಬೇಯಿಸಿದ ಬಾಯ್ ಅನ್ನುವ ಅಡುಗೆ ಎಲ್ಲ ಕಡೆ ಸಿಗುತ್ತದೆ. ನೋಡಲು ಬರೀ ಸೊಪ್ಪಿನ ಸಾರು. ಆದರೆ ಅದಕ್ಕೆ ಎಷ್ಟೋ ಸಲ ಸಾ-ಉಮ್, ಅಂದರೆ ಹುದುಗಿಸಿದ ಹಂದಿ ಕೊಬ್ಬು, ಹಾಕಿರುತ್ತಾರೆ. ಹೆಸರು ಹೇಳಿಯೇ ಕೇಳಿ. ಮುಂಚೆಯೇ ತಿಳಿಸಿದ್ದರಿಂದ ನಮ್ಮ ಯಜಮಾನರಿಗೆ ಬೇರೆ ಪಾತ್ರೆಯಲ್ಲಿ ಬೇಯಿಸಿದ ಸಾಸಿವೆ ಸೊಪ್ಪು, ಬೇಳೆ, ಅನ್ನ ಬಂತು. ನಾವು ಒಯ್ದ ಚಟ್ನಿಪುಡಿಯೂ, ಉಪ್ಪಿನಕಾಯಿಯೂ ಒದಗಿತು. ಪಂಕ್ತಿ ಪಂಕ್ತಿಯಾಗಿ ಊಟ, ಬಡಿಸುವವರು ಹುಡುಗರು. ಬೆಳಿಗ್ಗೆಯಿಂದ ಉರಿ ಮುಂದೆ ನಿಂತವರು ಕೊನೇ ಪಂಕ್ತಿಗೆ ಕೂತರು.

ಉಳಿದಿದ್ದು ಬೇಗ ಹೇಳುತ್ತೇನೆ. ಮಿಜೋರಾಂನಲ್ಲಿ ಪಾನನಿಷೇಧ ಇದೆ, ಬಾಟಲಿ ಒಯ್ಯಬೇಡಿ. ಪಟಾಕಿಯೂ ಹೊಡೆಯುವ ಹಾಗಿಲ್ಲ. ಚರ್ಚ್‌ಗೆ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿ. ಗಂಡಸರು ಕೋಟು, ಹೆಂಗಸರು ಪುವಾನ್ ಅನ್ನುವ ನೇಯ್ದ ಉಡುಗೆ ಉಟ್ಟು ಬರುತ್ತಾರೆ. ನಾನು ಇಳಕಲ್ ಸೀರೆ ಉಟ್ಟಿದ್ದೆ, ಸೆರಗಿನ ನೇಯ್ಗೆ ಮುಟ್ಟಿ ನೋಡದವರಿಲ್ಲ. ನಗದು ಜಾಸ್ತಿ ಇಟ್ಟುಕೊಳ್ಳಿ. ಕಲ್ಲಿನ ಕೆತ್ತನೆಗಳಿರುವ ವಾಂಗ್‌ಛಿಯಾ ನೋಡುವ ಆಸೆ ಇದ್ದರೆ ಹಬ್ಬಕ್ಕೆ ಮೊದಲೇ ಹೋಗಿಬನ್ನಿ, 25, 26ರಂದು ಗಾಡಿ ಹೊರಡಿಸುವವರು ಸಿಗುವುದಿಲ್ಲ. ಗಡಿಯಾಚೆಯ ರಿಹ್ ದಿಲ್ ಸರೋವರವನ್ನು ಮಾತ್ರ ನಂಬಿಕೊಂಡು ಹೋಗಬೇಡಿ, ಗಡಿ ತೆರೆದಿರುವುದು ಆಯಾ ದಿನದ ಪರಿಸ್ಥಿತಿ ಮೇಲೆ.

ವಾಪಸ್ ಬರುವ ಸುಮೋ ಸೀಟನ್ನು ಚಾಂಫಾಯ್ ತಲುಪಿದ ದಿನವೇ ಕಾಯ್ದಿರಿಸಿ. ನಾವು 27ರ ಶನಿವಾರ ಬೆಳಿಗ್ಗೆ ಹೊರಟೆವು, ಭಾನುವಾರ ಐಜ್ವಾಲ್‌ನಲ್ಲಿ ಕಳೆದು ಸೋಮವಾರ ವಿಮಾನ ಹತ್ತಿದೆವು. ಹುಡುಗ ಮಾತ್ರ ನಮ್ಮ ಜೊತೆ ಬರಲಿಲ್ಲ. ನಮ್ಮನ್ನು ಸುಮೋ ಹತ್ತಿಸಿ, ಪ್ಯಾಂಟ್ ಮೊಣಕಾಲವರೆಗೆ ಮಡಚಿಕೊಂಡು ಹಂಡೆ ತೊಳೆಯಲು ಹೋದ. ಹೊಸ ವರ್ಷದ ಊಟಕ್ಕೆ ಮತ್ತೆ ಅವೇ ಹಂಡೆ ಬೇಕಿತ್ತು.