ಸಕಲೇಶಪುರ ಘಾಟಿ: ಹಗಲಲ್ಲೇ ಇಳಿಯಿರಿ, ಹಗಲಲ್ಲೇ ಹತ್ತಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಹಾದಿಗೆ ಹೆಚ್ಚಿನವರು ಜಲಪಾತ, ಮಂಜು ನೋಡಲು ಹೋಗುತ್ತಾರೆ. ಹಳಿ, ಸಿಗ್ನಲ್, ಎಂಜಿನ್ ಅಂದ್ರೆ ಪ್ರಾಣ ಅನ್ನುವವರಿಗೆ ಇಲ್ಲಿ ಅದಕ್ಕಿಂತ ಜಾಸ್ತಿ ಇದೆ. ಒಂದೇ ಮಾತು ನೆನಪಿಡಿ: ಹೋಗುವಾಗಲೂ ಬರುವಾಗಲೂ ಹಗಲು ರೈಲನ್ನೇ ಹಿಡಿಯಿರಿ. ಘಾಟಿ ಇಳಿಯುವಾಗ ಎಲ್ಲವೂ ಬ್ರೇಕಿನ ಕೆಲಸ, ಹತ್ತುವಾಗ ಎಂಜಿನ್ನಿನ ಕೆಲಸ. ಒಂದನ್ನು ನೋಡಿದರೆ ಅರ್ಧ ನೋಡಿದ ಹಾಗೆ.

ಈ ಹಾದಿ ಸುಮಾರು 55 ಕಿಲೋಮೀಟರ್. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಹೋಗುವಷ್ಟರಲ್ಲಿ 1 ಮೀಟರ್ ಇಳಿತ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಈ ಮಾರ್ಗದಲ್ಲಿ ಬ್ರಾಡ್ ಗೇಜ್ ಪ್ಯಾಸೆಂಜರ್ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ.

ಯಶವಂತಪುರದಿಂದ ಬೆಳಗ್ಗೆ ಹೊರಡುವ ರೈಲು ಹಿಡಿಯಿರಿ. ಸಕಲೇಶಪುರದಲ್ಲಿ ರೈಲು ನಿಂತಾಗ ಕಾಫಿ, ತಿಂಡಿ ಮುಗಿಸಿಬಿಡಿ. ಮುಂದೆ ದೋಣಿಗಾಲ್, ಕಡಗರವಳ್ಳಿ, ಯಡಕುಮರಿ, ಸಿರಿಬಾಗಿಲು ಎಲ್ಲ ಕಾಡಿನ ಸ್ಟೇಷನ್‌ಗಳು. ಅಲ್ಲಿ ಏನೂ ಸಿಗುವುದಿಲ್ಲ. ಫೋನ್ ಸಿಗ್ನಲ್ ಕೂಡ ಹೋಗುತ್ತದೆ, ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ.

ಘಾಟಿಯಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್ ದಾಟುವುದಿಲ್ಲ. ನಮ್ಮಂಥವರಿಗೆ ಇದು ವರ. ಇಳಿಜಾರು ಎಷ್ಟೆಂದು ತೋರಿಸುವ ಗ್ರೇಡಿಯಂಟ್ ಪೋಸ್ಟ್, ಕಿಲೋಮೀಟರ್ ಕಲ್ಲು, ಸೇತುವೆ ಮೇಲೆ ಎರಡು ಹಳಿಗಳ ಒಳಗೆ ಹಾಕಿರುವ ಗಾರ್ಡ್ ರೇಲ್ ಎಂಬ ಹೆಚ್ಚುವರಿ ಹಳಿ, ಎಲ್ಲವನ್ನೂ ಆರಾಮವಾಗಿ ನೋಡಬಹುದು. ಹಳದಿ ಬೋರ್ಡ್ ಮೇಲೆ ಟಿ/ಪಿ ಅಂತ ಕಂಡರೆ ಪ್ಯಾಸೆಂಜರ್ ರೈಲಿಗೆ ವೇಗದ ಮಿತಿ ಅಲ್ಲಿಗೆ ಮುಗಿಯಿತು ಎಂದರ್ಥ, ಟಿ/ಜಿ ಗೂಡ್ಸ್‌ಗೆ.

ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಚ್ ಸೈಡಿಂಗ್ ನೋಡಿ. ಮುಖ್ಯ ಹಳಿಯಿಂದ ಒಡೆದು, ಏರಿನ ಕಡೆ ಹೋಗಿ ಅಲ್ಲಿಗೇ ನಿಂತುಬಿಡುವ ಹಳಿ ಅದು. ಬ್ರೇಕ್ ಹಿಡಿಯದೆ ಇಳಿದು ಬಂದ ಗಾಡಿಯನ್ನು ಅದರೊಳಗೆ ತಿರುಗಿಸುತ್ತಾರೆ, ಏರಿನಲ್ಲಿ ಅದರ ವೇಗ ಸಾಯುತ್ತದೆ. ಪಾಯಿಂಟ್, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ, ಸಾಮಾನ್ಯವಾಗಿ ಆ ಕಡೆಗೇ ತಿರುಗಿರುತ್ತದೆ. ಇಳಿಯುವ ರೈಲು ಪೂರ್ತಿ ನಿಂತು, ಹಿಡಿತದಲ್ಲಿದೆ ಎಂದು ತೋರಿಸಿದ ಮೇಲೆಯೇ ಮುಖ್ಯ ಹಳಿಗೆ ದಾರಿ ಸಿಗುವುದು. ಕಾಡಿನ ನಡುವೆ ಗಾಡಿ ಸುಮ್ನೆ ನಿಂತಿದೆ ಅಂತ ಪಕ್ಕದವರು ಗೊಣಗಿದರೆ ಇದನ್ನು ಹೇಳಿ. ಕೇಳಿದವರೆಲ್ಲ ಕಿಟಕಿಗೆ ಬರುತ್ತಾರೆ!

ವಾಪಸ್ ಬರುವಾಗ ಸುಬ್ರಹ್ಮಣ್ಯ ರೋಡ್‌ನಲ್ಲಿ, ಅಂದರೆ ನೆಟ್ಟಣದಲ್ಲಿ, ರೈಲಿನ ಹಿಂದೆ ಬ್ಯಾಂಕರ್ ಎಂಜಿನ್ ಜೋಡಿಸುವುದನ್ನು ಪ್ಲಾಟ್‌ಫಾರ್ಮ್ ಮೇಲೇ ನಿಂತು ನೋಡಿ. ಮುಂದಿನ ಎಂಜಿನ್ ಎಳೆಯುತ್ತದೆ, ಇದು ತಳ್ಳುತ್ತದೆ. ಬರೀ ಮುಂದಿನಿಂದ ಎಳೆದರೆ ಭಾರವೆಲ್ಲ ಬೋಗಿಗಳನ್ನು ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್ ಮೇಲೆ ಬೀಳುತ್ತದೆ ಅಲ್ವಾ? ತಳ್ಳುವ ಎಂಜಿನ್ ಅದನ್ನು ಹಂಚಿಕೊಳ್ಳುತ್ತದೆ. ನಡುವಿನ ಬೋಗಿಯಲ್ಲಿ ಸೀಟು ಸಿಕ್ಕರೆ ತಿರುವುಗಳಲ್ಲಿ ಮುಂದಿನದೂ ಹಿಂದಿನದೂ ಕಾಣುತ್ತವೆ.

ಸೀಟಿನ ವಿಷಯ. 2021ರ ಜುಲೈನಿಂದ ಈ ಹಗಲು ರೈಲುಗಳಿಗೆ ವಿಸ್ಟಾಡೋಮ್ ಬೋಗಿ ಬಂದಿದೆ. ದೊಡ್ಡ ಗಾಜು, ತಿರುಗುವ ಸೀಟು, ಆದರೆ ಸೀಟು ಇರುವುದು 44 ಮಾತ್ರ. ಟಿಕೆಟ್ ಬೇಗ ಖಾಲಿಯಾಗುತ್ತದೆ. ಘಾಟಿ ಇಳಿಯುವಾಗ ಅದರಲ್ಲಿ ಕೂರಿ. ಹತ್ತುವಾಗ ಮಾತ್ರ ಸಾಮಾನ್ಯ ಬೋಗಿಯ ತೆರೆದ ಕಿಟಕಿಯೇ ಬೇಕು. ಸುರಂಗದೊಳಗೆ ಎಂಜಿನ್ ದುಡಿಯುವ ಸದ್ದು ಗಾಜಿನ ಹಿಂದೆ ಕೂತರೆ ಕೇಳಿಸದು. ಕೈ, ತಲೆ, ಫೋನ್ ಹೊರಗೆ ಹಾಕಬೇಡಿ. ಸುರಂಗದ ಗೋಡೆ ತೀರಾ ಹತ್ತಿರ.

ಹಳಿ ಮೇಲೆ ನಡೆಯುವ ಹಳೆಯ ಚಾರಣದ ಆಸೆ ಬಿಟ್ಟುಬಿಡಿ. ಅದಕ್ಕೆ ಅನುಮತಿ ಇಲ್ಲ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ದಂಡ, ಜೈಲು ಎರಡೂ ಆಗಬಹುದು. ಸೇತುವೆ ಮೇಲೆ ರೈಲು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ.

ಜುಲೈ, ಆಗಸ್ಟ್‌ನಲ್ಲಿ ಹಸಿರು ಚೆನ್ನ, ಆದರೆ ನಂಬುವ ಹಾಗಿಲ್ಲ. 2024ರ ಜುಲೈ ಕೊನೆಯಲ್ಲಿ ಯಡಕುಮರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. 2025ರಲ್ಲಿ ವಿದ್ಯುತ್ ತಂತಿ ಎಳೆಯುವ ಕೆಲಸಕ್ಕಾಗಿ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿದ್ದರು. ಅಕ್ಟೋಬರ್ ಕೊನೆ, ನವೆಂಬರ್ ನನಗೆ ಇಷ್ಟ. ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಮಂಜು ಸಿಗ್ನಲ್ ಕಂಬಗಳನ್ನು ಮುಚ್ಚುವುದಿಲ್ಲ. ಹೊರಡುವ ಹಿಂದಿನ ದಿನ ರೈಲು ಓಡುತ್ತಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ವಾರದ ಬೇರೆ ಬೇರೆ ದಿನ ಬೇರೆ ಬೇರೆ ರೈಲು, ಆದ್ದರಿಂದ ವಾಪಸ್ ಟಿಕೆಟ್ ಸಿಕ್ಕ ಮೇಲೆಯೇ ಹೋಗುವ ಟಿಕೆಟ್ ತೆಗೆಯಿರಿ.