ಸೊಪ್ಪಿನ ಸ

ತೀರ್ಥಹಳ್ಳಿಯಲ್ಲಿ ಬೆಳಗಿನಿಂದ ಒಂದೇ ಸಮನೆ ಮಳೆ. ಅಕ್ಕನ ಮಗಳು ಜಗಲಿಯಲ್ಲಿ ನನ್ನ ಪಕ್ಕ ಕೂತು ಬಸಳೆ ಬಿಡಿಸುತ್ತಿದ್ದಳು. 'ಚಿಕ್ಕಿ, ಸೊಪ್ಪು' ಅಂದಳು. ಹೋದ ವರ್ಷದವರೆಗೆ ಅದು 'ಒಪ್ಪು' ಆಗಿತ್ತು.

ಅವಳಿಗೆ ಐದು ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್ ಇದೆ. ಸ, ಶ ಎಲ್ಲ ಮೆಲ್ಲಗಿನ, ತಾರಸ್ಥಾಯಿಯ ಶಬ್ದಗಳು. ಅವಳಂಥ ಮಕ್ಕಳಿಗೆ ಅ, ಒ ಕೇಳಿಸಿದರೂ ಇವು ಜಾರಿ ಹೋಗುತ್ತವೆ. ಕೇಳದ ಅಕ್ಷರವನ್ನು ಮಗು ಆಡುವುದಾದರೂ ಹೇಗೆ, ಅಲ್ವಾ? ಕರೆದರೆ ತಿರುಗಿ ನೋಡ್ತಾಳಲ್ಲ ಅಂತ ನಾವೂ ಸುಮ್ನೆ ಇದ್ದುಬಿಟ್ಟೆವು. ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ಹುಟ್ಟಿದ 1 ತಿಂಗಳೊಳಗೆ ಕಿವಿ ಕೇಳುವುದರ ತಪಾಸಣೆ, ತೊಂದರೆ ಕಂಡರೆ 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಚಿಕಿತ್ಸೆ ಶುರು ಆಗಬೇಕು ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಮಿಷನ್ ಹಾಕಿದ ಕೂಡಲೇ ಮಾತು ಬರುವುದಿಲ್ಲ. ಅದು ದನಿಯನ್ನು ಮುಟ್ಟಿಸುತ್ತದೆ ಅಷ್ಟೇ. ಇದು ಸ, ಇದು ತ ಅಂತ ಬೇರೆ ಮಾಡುವುದನ್ನು ಮಿದುಳು ಕೇಳಿ ಕೇಳಿಯೇ ಕಲಿಯಬೇಕು. ಅದಕ್ಕೇ ಎದ್ದಾಗಿನಿಂದ ಮಲಗುವವರೆಗೆ ಕಿವಿಯಲ್ಲಿರಬೇಕು.

ನಮ್ಮೂರ ಮಳೆಗಾಲ ಇದಕ್ಕೆ ಕಷ್ಟ. ಥಂಡಿಗೆ ಮಿಷನ್ನಿನ ಟ್ಯೂಬಿನೊಳಗೆ ನೀರಹನಿ ಕೂರುತ್ತದೆ. ರಾತ್ರಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇವೆ. ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಮಿಷನ್ ಜೋರು ಮಾಡುತ್ತದೆ, ಮಾತು ಅದರೊಳಗೆ ಕಳೆದುಹೋಗುತ್ತದೆ. ಹಾಗಾಗಿ ಯಾರೂ ಅಡುಗೆಮನೆಯಿಂದ ಕೂಗುವುದಿಲ್ಲ. ಹತ್ತಿರ ಹೋಗಿ, ಮುಖ ಕಾಣುವ ಹಾಗೆ ಕೂತು ಮಾತಾಡುತ್ತೇವೆ.

ಈಗ ಮಳೆ ಸ್ವಲ್ಪ ಹೊಳವಾಗಿದೆ. 'ಸೊಪ್ಪು' ಅಂತ ಇನ್ನೊಂದು ಸಲ ಹೇಳಿಸಿದೆ. ಸ ಅನ್ನು ಉದ್ದಕ್ಕೆ ಎಳೆದು ಹೇಳಿದಳು.